ಒಡೆಯುವ ಅಧಿಕಾರ ಕಾಗದದಲ್ಲೇ ಉಳಿಯಬಾರದು

ಬೆಂಗಳೂರು ಪೂರ್ವ ರೈಲು ನಿಲ್ದಾಣದ ಕಡೆಯಿಂದ ಬಾಣಸವಾಡಿ ಮುಖ್ಯರಸ್ತೆಗೆ ಬಂದರೆ ಐಟಿಸಿ ಇನ್ಫೋಟೆಕ್ ಕಚೇರಿ ಸಿಗುತ್ತದೆ. ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಹುಡುಗ ಹುಡುಗಿಯರು ಓಡಾಡುವ ಈ ಆವರಣದಲ್ಲಿ ಹಿಂದೆ ಇದ್ದದ್ದು ಸಿಗರೇಟು ಕಾರ್ಖಾನೆ. ದಂಡು ಪ್ರದೇಶದ ಎಷ್ಟೋ ಮನೆಗಳ ಒಲೆ ಅದರ ಸಂಬಳದಿಂದ ಉರಿದಿದೆ. ಆದರೆ ಆ ಕಂಪನಿಯ ಬೇರು ಒಂದು ಒಳ ಒಪ್ಪಂದದಲ್ಲಿದೆ.

1901ರಲ್ಲಿ ಅಮೆರಿಕದ ತಂಬಾಕು ದೊರೆ ಜೇಮ್ಸ್ ಡ್ಯೂಕ್ ಲಿವರ್‌ಪೂಲಿನ ಆಗ್ಡೆನ್ಸ್ ಕಂಪನಿಯನ್ನು ಕೊಂಡು ಬ್ರಿಟನ್ನಿಗೆ ನುಗ್ಗಿದ. ಅವನನ್ನು ತಡೆಯಲು ಅಲ್ಲಿನ 13 ಕಂಪನಿಗಳು ಒಂದಾಗಿ ಇಂಪೀರಿಯಲ್ ಟೊಬ್ಯಾಕೋ ಕಟ್ಟಿದವು. ದರ ಇಳಿಸುವ ಪೈಪೋಟಿ ನಡೆಯಿತು. 1902ರಲ್ಲಿ ರಾಜಿಯಾದರು: ಅಮೆರಿಕ ಅವನಿಗೆ, ಬ್ರಿಟನ್ ಇವರಿಗೆ, ಮಿಕ್ಕ ಲೋಕವೆಲ್ಲ ಇಬ್ಬರೂ ಸೇರಿ ಹುಟ್ಟುಹಾಕಿದ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೋಗೆ. ಆ ಮಿಕ್ಕ ಲೋಕದಲ್ಲಿ ನಾವೂ ಇದ್ದೆವು. ನಮ್ಮನ್ನು ಯಾರೂ ಕೇಳಲಿಲ್ಲ. 1910ರಲ್ಲಿ ಅದರ ಭಾರತದ ಕಂಪನಿ, ಅಂದರೆ ಇಂದಿನ ಐಟಿಸಿ, ಕಲ್ಕತ್ತದಲ್ಲಿ ಶುರುವಾಯಿತು.

1911ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಡ್ಯೂಕನ ಕೂಟವನ್ನು ಒಡೆಯಲು ಆದೇಶಿಸಿತು. ಬ್ರಿಟಿಷ್ ಅಮೆರಿಕನ್ ಟೊಬ್ಯಾಕೋದಲ್ಲಿದ್ದ ಪಾಲನ್ನೂ ಆ ಕೂಟ ಬಿಡಬೇಕಾಯಿತು. ಇಲ್ಲಿ ಏನೂ ಅಲುಗಲಿಲ್ಲ. 1913ರಲ್ಲಿ ಬೆಂಗಳೂರಿನ ಕಾರ್ಖಾನೆ ಬಂತು. ಏಕಸ್ವಾಮ್ಯ ತಡೆಯುವ ನಮ್ಮ ಮೊದಲ ಕಾನೂನು, ಎಂಆರ್‌ಟಿಪಿ, ಬಂದದ್ದು 1969ರಲ್ಲಿ.

ಈಗಿರುವುದು 2002ರ ಸ್ಪರ್ಧಾ ಕಾಯ್ದೆ. ಮಾರುಕಟ್ಟೆಯ ಮೇಲೆ ಹಿಡಿತ ಸಾಧಿಸಿದ ಕಂಪನಿಯನ್ನು ವಿಭಜಿಸುವ ಅಧಿಕಾರವನ್ನು ಅದರ 28ನೇ ಸೆಕ್ಷನ್ ಸ್ಪರ್ಧಾ ಆಯೋಗಕ್ಕೆ ಕೊಟ್ಟಿದೆ. ಆಯೋಗ ದಂಡ ಹಾಕಿದೆ, ಎಚ್ಚರಿಸಿದೆ. ಆ ಸೆಕ್ಷನ್ ಹಿಡಿದು ಯಾರನ್ನೂ ಒಡೆದಿಲ್ಲ. ಒಡೆಯುವ ಭಯವೇ ಇಲ್ಲದ ಕಡೆ ದಂಡವನ್ನು ವ್ಯಾಪಾರದ ಖರ್ಚಿಗೆ ಸೇರಿಸಿಬಿಡುತ್ತಾರೆ.

ನಮ್ಮೂರಿನದೇ ಉದಾಹರಣೆ ನೋಡಿ. 2015ರ ಮಾರ್ಚ್‌ನಲ್ಲಿ ಕ್ಯಾಬ್ ಕಂಪನಿ ಓಲಾ ತನ್ನ ಪ್ರತಿಸ್ಪರ್ಧಿಯಾದ ಬೆಂಗಳೂರಿನ ಟ್ಯಾಕ್ಸಿಫಾರ್‌ಶ್ಯೂರ್ ಅನ್ನು ಸುಮಾರು 1,200 ಕೋಟಿ ರೂಪಾಯಿಗೆ ಕೊಂಡಿತು; ಮರುವರ್ಷ ಅದನ್ನು ಮುಚ್ಚಿತು. ಇಂದಿರಾನಗರದಲ್ಲಿ ಕ್ಯಾಬ್ ಕರೆಯುವವರಿಗೂ, ಕೆ.ಆರ್. ಪುರದಿಂದ ಗಾಡಿ ಓಡಿಸುವ ಚಾಲಕರಿಗೂ ಒಂದು ಆಯ್ಕೆ ಕಡಿಮೆಯಾಯಿತು. ಕಮಿಷನ್ ಹೆಚ್ಚಾಯಿತೆಂದು ಚಾಲಕ ಬೇರೆ ಆ್ಯಪ್‌ಗೆ ಹೋಗಲು ಬೇರೆ ಆ್ಯಪ್ ಇರಬೇಕಲ್ಲ? ಚೌಕಾಸಿಯ ಬಲವೆಲ್ಲ ಅಲ್ಲೇ ಇರುವುದು.

ಇಂಥ ಖರೀದಿಗಳನ್ನು ಮೊದಲೇ ಪರಿಶೀಲಿಸಲು 2024ರ ಸೆಪ್ಟೆಂಬರಿನಿಂದ ಹೊಸ ನಿಯಮವಿದೆ: ಭಾರತದಲ್ಲಿ ಗಣನೀಯ ವ್ಯವಹಾರವಿರುವ ಕಂಪನಿಯನ್ನು 2,000 ಕೋಟಿ ಮೀರಿದ ಬೆಲೆಗೆ ಕೊಳ್ಳುವುದಾದರೆ ಆಯೋಗದ ಒಪ್ಪಿಗೆ ಬೇಕು. ಒಳ್ಳೆಯ ಹೆಜ್ಜೆ. ಆದರೆ ಟ್ಯಾಕ್ಸಿಫಾರ್‌ಶ್ಯೂರ್‌ನಂಥ ಖರೀದಿ ಈ ಬೆಲೆಮಿತಿಯ ಕೆಳಗೆ ಇವತ್ತೂ ನುಸುಳುತ್ತದೆ. ನೇರ ಪ್ರತಿಸ್ಪರ್ಧಿಯನ್ನೇ ಕೊಳ್ಳುವಾಗ, ಬೆಲೆ ಎಷ್ಟೇ ಇರಲಿ, ಆಯೋಗದ ಮುಂದೆ ಬರಲೇಬೇಕೆಂಬ ತಿದ್ದುಪಡಿಯನ್ನು ಸಂಸತ್ತು ಈ ಅಧಿವೇಶನದಲ್ಲೇ ತರಲಿ.