ಅಮ್ಮ ಸಹಿ ಹಾಕಿದ ಖಾಲಿ ಪುಟ

1/4

ಮೊದಲ ಫೋಟೋದಲ್ಲಿರೋದು ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಗೋಡೆ. ಎಸ್‌ಡಿಎಂಸಿ ಸದಸ್ಯರ ಹೆಸರು ಪೇಂಟಲ್ಲಿ ಬರೆಸಿದ್ದಾರೆ. ಐದನೇ ಹೆಸರು ನಮ್ಮಮ್ಮಂದು. ಊರು ಯಾವುದು ಅಂತ ಕೇಳಬೇಡಿ, ನಿಮ್ಮೂರೇ ಅಂದ್ಕೊಳ್ಳಿ.

ತಮ್ಮ ಏಳನೇ ಕ್ಲಾಸು. ಗಣಿತದ ಮೇಷ್ಟ್ರು ವರ್ಗ ಆಗಿ ಎಂಟು ತಿಂಗಳು ಆಯ್ತು, ಅವರ ಜಾಗಕ್ಕೆ ಯಾರೂ ಬಂದಿಲ್ಲ. ಕೊನೆಗೆ ಅಮ್ಮ, ಇನ್ನೂ ಮೂವರು ತಾಯಂದಿರು ಕೂಲಿ ಬಿಟ್ಟು, ಬಸ್ ಹಿಡಿದು ತಾಲ್ಲೂಕಿನ ಬಿಇಒ ಆಫೀಸಿಗೆ ಹೋದ್ರು. ಅಲ್ಲಿನ ಗುಮಾಸ್ತರು ಫೈಲ್ ತೆಗೆದು ಒಂದು ಹಾಳೆ ತೋರಿಸಿದ್ರು. "ಶಾಲೆಯಲ್ಲಿ ಯಾವುದೇ ಕುಂದುಕೊರತೆ ಇರುವುದಿಲ್ಲವೆಂದು ಸಭೆ ತೀರ್ಮಾನಿಸಿತು." ಕೆಳಗೆ ಅಮ್ಮನ ಸಹಿ.

"ನೀವೇ ಬರ್ಕೊಟ್ಟಿದ್ದೀರಲ್ಲಮ್ಮ?"

ಅಮ್ಮ ಬರ್ಕೊಟ್ಟಿರಲಿಲ್ಲ. ಹಾಲು ಕರೀತಾ ಇದ್ದಾಗ ಒಬ್ಬ ಹುಡುಗ ಪುಸ್ತಕ ತಂದು, "ಹೆಡ್ ಮೇಷ್ಟ್ರು ಕಳಿಸಿದ್ದಾರೆ, ಇಲ್ಲಿ ಹಾಕ್ಬೇಕಂತೆ" ಅಂದ. ಕೈ ಒರೆಸ್ಕೊಂಡು ಹಾಕಿದ್ರು. ಪುಟ ಖಾಲಿ ಇತ್ತು. ಸಹಿ ಮೊದಲು, ಬರಹ ಆಮೇಲೆ.

2/4

ನಾನು ಬಿಕಾಂ. ಆಡಿಟಿಂಗ್ ಕ್ಲಾಸಲ್ಲಿ ಮೊದಲು ಕಲಿಸೋದೇ ವೋಚರ್ ಇಲ್ಲದ ಎಂಟ್ರಿ ನಂಬಬೇಡ ಅಂತ. ಇಲ್ಲಿ ನಡೆಯದೇ ಇರೋ ಸಭೆಗೇ ವೋಚರ್ ಇದೆ!

ಈಗ ಕಾನೂನು ಏನು ಹೇಳುತ್ತೆ ಕೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ತಂದೆ ತಾಯಿ ಅಥವಾ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು. ಶಾಲೆ ಹೇಗೆ ನಡೀತಿದೆ ಅಂತ ನೋಡೋದು, ಬಂದ ಹಣ ಹೇಗೆ ಖರ್ಚಾಯ್ತು ಅಂತ ನೋಡೋದು ಇವರ ಕೆಲಸ. 22ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತೆ: ಈ ಸಮಿತಿ ಮಾಡಿದ ಶಾಲಾ ಅಭಿವೃದ್ಧಿ ಯೋಜನೆಯೇ ಸರ್ಕಾರದ ಯೋಜನೆಗೂ ಅನುದಾನಕ್ಕೂ ಆಧಾರ ಆಗಬೇಕು. ಅಂದ್ರೆ ಮಾತು ಕೆಳಗಿಂದ ಶುರುವಾಗಬೇಕು, ನಮ್ಮಮ್ಮನಿಂದ.

ಅದೇ ಕಾಯ್ದೆಯ ಅನುಸೂಚಿಯಲ್ಲಿ 6ರಿಂದ 8ನೇ ತರಗತಿಗೆ ವಿಜ್ಞಾನ ಮತ್ತು ಗಣಿತಕ್ಕೆ ಕನಿಷ್ಠ ಒಬ್ಬ ಶಿಕ್ಷಕರು ಇರಲೇಬೇಕು ಅಂತಿದೆ. ಅಮ್ಮ ಅವತ್ತು ಆಫೀಸಲ್ಲಿ ಬೇಡೋಕೆ ನಿಂತಿರಲಿಲ್ಲ. ಆದರೂ ಕೈಮುಗಿದು ನಿಂತಿದ್ರು, ಯಾಕಂದ್ರೆ ಇದನ್ನ ಅವರಿಗೆ ಯಾರೂ ಹೇಳಿರಲಿಲ್ಲ.

3/4

ಹೆಡ್ ಮೇಷ್ಟ್ರನ್ನ ಬೈದು ಮುಗಿಸೋದು ಸುಲಭ. ನಾನು ಬೈಯಲ್ಲ. ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಎಸ್‌ಎಟಿಎಸ್ ಎಂಟ್ರಿ, ಸಂಜೆಯೊಳಗೆ ಕಳಿಸಿ ಅನ್ನೋ ಮೆಸೇಜು, ಇದರ ಮಧ್ಯೆ ಪಾಠ. ಸಿಆರ್‌ಪಿ ಕೇಳ್ತಾರೆ, ಅವರನ್ನ ಬಿಇಒ ಕೇಳ್ತಾರೆ, ಬಿಇಒನ ಡಿಡಿಪಿಐ ಕೇಳ್ತಾರೆ. ಎಲ್ಲರೂ ಮೇಲಕ್ಕೇ ಉತ್ತರ ಕೊಡ್ತಾರೆ. ಕೆಳಗಡೆ ನಿಂತಿರೋ ತಾಯಿಗೆ ಉತ್ತರ ಕೊಡಬೇಕಾದವರು ಒಬ್ಬರೂ ಇಲ್ಲ. ಮೇಲಿನವರಿಗೆ ಬೇಕಿರೋದು ಸಭೆ ಅಲ್ಲ, ಸಭೆ ಆಯ್ತು ಅನ್ನೋ ಹಾಳೆ. ಮೇಷ್ಟ್ರು ಅದನ್ನೇ ಕೊಟ್ರು.

ಅಮೆರಿಕದ ಹೆಚ್ಚಿನ ಊರುಗಳಲ್ಲಿ ಸ್ಕೂಲ್ ಬೋರ್ಡನ್ನ ಜನರೇ ಓಟು ಹಾಕಿ ಆರಿಸ್ತಾರೆ. ಶಾಲೆಗಳ ಮುಖ್ಯ ಅಧಿಕಾರಿಯಾದ ಸೂಪರಿಂಟೆಂಡೆಂಟನ್ನ ನೇಮಿಸೋದೂ ತೆಗೆಯೋದೂ ಆ ಬೋರ್ಡೇ. ಅಲ್ಲಿ ಜಗಳ ಇಲ್ಲ ಅಂತಲ್ಲ, ಬೇಕಾದಷ್ಟಿದೆ. ಆದರೆ ಅಧಿಕಾರಿ ಜನರ ಎದುರು ಕೂತು ಉತ್ತರ ಹೇಳಲೇಬೇಕು. ನಮ್ಮಲ್ಲಿ ಪೋಷಕರಿಗೆ ಸಮಿತಿ ಕೊಟ್ರು, ಗೋಡೆ ಮೇಲೆ ಹೆಸರು ಕೊಟ್ರು, ಅಧಿಕಾರಿಯನ್ನ ಪ್ರಶ್ನೆ ಕೇಳೋ ಜಾಗ ಮಾತ್ರ ಕೊಡಲಿಲ್ಲ.

4/4

"ಓದು ಬರದವರು ಏನ್ ಲೆಕ್ಕ ಕೇಳ್ತಾರೆ?" ಅಂತೀರಾ? ನಮ್ಮಮ್ಮ ಓದಿದ್ದು ನಾಲ್ಕನೇ ಕ್ಲಾಸು. ಡೈರಿಯಲ್ಲಿ ಫ್ಯಾಟ್ ಒಂದು ಪಾಯಿಂಟ್ ಕಮ್ಮಿ ಬರೆದ್ರೆ ಅಲ್ಲೇ ನಿಂತು ಕೇಳ್ತಾರೆ. ಸಂಘದ ಸಾಲದಲ್ಲಿ ಯಾರದ್ದು ಎಷ್ಟು ಬಾಕಿ ಅಂತ ಪುಸ್ತಕ ನೋಡದೆ ಹೇಳ್ತಾರೆ. ಸಮಗ್ರ ಶಿಕ್ಷಣದ ಮಾನದಂಡದಲ್ಲಿ 31ರಿಂದ 100 ಮಕ್ಕಳಿರೋ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ಅನುದಾನ. ಇಷ್ಟರ ಲೆಕ್ಕ ಅವರಿಗೆ ಅರ್ಥ ಆಗಲ್ವಾ? ಅವರಿಗೆ ಬರಲ್ಲ ಅನ್ನೋದು, ಅವರು ಕೇಳದೇ ಇರಲಿ ಅನ್ನೋರು ಕಟ್ಟಿದ ಮಾತು.

ನನ್ನ ಬೇಡಿಕೆ ಮೂರೇ. ಸಭೆ ದಿನ ಒಂದು ವಾರ ಮೊದಲೇ ಶಾಲೆ ಬೋರ್ಡಲ್ಲಿ ಬರೀಬೇಕು, ಅದೂ ಹೊಲದ ಕೆಲಸ ಮುಗಿಯೋ ಹೊತ್ತಿಗೆ. ನಡಾವಳಿ ಎಲ್ಲರೆದುರು ಓದಿ ಹೇಳಿದ ಮೇಲೆಯೇ ಸಹಿ. ಸಮಿತಿ ಕಳಿಸಿದ ಪ್ರತಿ ಠರಾವಿಗೂ ಬಿಇಒ 30 ದಿನದಲ್ಲಿ ಲಿಖಿತ ಉತ್ತರ ಕೊಡಬೇಕು, ವರ್ಷಕ್ಕೊಮ್ಮೆ ತಾಲ್ಲೂಕಿನ ಎಲ್ಲ ಎಸ್‌ಡಿಎಂಸಿಗಳ ಮುಂದೆ ಕೂತು ಉತ್ತರ ಹೇಳಬೇಕು.

ಅಲ್ಲಿವರೆಗೆ ನೀವು ಏನ್ ಮಾಡಬಹುದು? ನಿಮ್ಮಮ್ಮನೋ ಚಿಕ್ಕಮ್ಮನೋ ಸಮಿತಿಯಲ್ಲಿದ್ದರೆ ಇವತ್ತು ರಾತ್ರಿ ಇದನ್ನ ಓದಿ ಹೇಳಿ. ಮಾಹಿತಿ ಹಕ್ಕಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ನಡಾವಳಿ ಪುಸ್ತಕದ ನಕಲು ಕೇಳಿ. ಅರ್ಜಿ ಬರೆಯೋಕೆ ಬರದಿದ್ರೆ ನನಗೆ ಮೆಸೇಜ್ ಹಾಕಿ, ಇಬ್ಬರೂ ಕೂತು ಬರೆಯೋಣ.

ಕೊನೇ ಫೋಟೋ ಕಳೆದ ವಾರದ್ದು. ಪುಸ್ತಕ ಮತ್ತೆ ಕೊಟ್ಟಿಗೆಗೆ ಬಂತು. ಪುಟ ಖಾಲಿ ಇದೆ ನೋಡಿ. ಅಮ್ಮನ ಸಹಿ ಇಲ್ಲ. "ಸಭೆ ಕರೀಲಿ, ಬಂದು ಹಾಕ್ತೀನಿ ಅಂತ ಹೇಳಪ್ಪ" ಅಂತ ಹುಡುಗನ್ನ ವಾಪಸ್ ಕಳಿಸಿದ್ರು.

#ಸರ್ಕಾರಿಶಾಲೆ #ಎಸ್‌ಡಿಎಂಸಿ #ಖಾಲಿಪುಟಕ್ಕೆಸಹಿಇಲ್ಲ