ಕಲ್ಲಿದ್ದಲಿನ ನಾಡಿನಲ್ಲಿ ಕರಗಿದ ಜನ

ಅಮೆರಿಕದ ಐವತ್ತು ರಾಜ್ಯಗಳ ಪೈಕಿ 1950ರಲ್ಲಿ ಇದ್ದುದಕ್ಕಿಂತ ಕಡಿಮೆ ಜನ 2020ರ ಜನಗಣತಿಯಲ್ಲಿ ಕಂಡುಬಂದದ್ದು ಒಂದೇ ರಾಜ್ಯದಲ್ಲಿ. ಅದು ವೆಸ್ಟ್ ವರ್ಜೀನಿಯಾ. ಆ ಎಪ್ಪತ್ತು ವರ್ಷಗಳಲ್ಲಿ ಇಡೀ ದೇಶದ ಜನಸಂಖ್ಯೆ 15 ಕೋಟಿಯಿಂದ 33 ಕೋಟಿಗೆ ಏರಿದರೆ, ಈ ಗುಡ್ಡಗಾಡು ರಾಜ್ಯದ್ದು 20.05 ಲಕ್ಷದಿಂದ 17.93 ಲಕ್ಷಕ್ಕೆ ಇಳಿಯಿತು. ಜನಸಂಖ್ಯೆ ಎಂದೊಡನೆ ಸ್ಫೋಟದ ಮಾತನ್ನೇ ಕೇಳುತ್ತ ಬೆಳೆದ ನಮ್ಮ ಪೀಳಿಗೆಗೆ ಇದು ವಿಚಿತ್ರವೆನಿಸಬಹುದು.

ಪರಿಸರ ಕಾನೂನುಗಳು ಕಲ್ಲಿದ್ದಲು ಉದ್ಯಮದ ಕತ್ತು ಹಿಸುಕಿದವು, ಅದರಿಂದಲೇ ಜನ ಊರು ಬಿಟ್ಟರು ಎಂಬುದು ಅಲ್ಲಿನ ರಾಜಕಾರಣಿಗಳ ಪ್ರಿಯವಾದ ವಾದ. ಅಂಕಿಅಂಶಗಳು ಇದನ್ನು ಸಮರ್ಥಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಕಠಿಣ ವಾಯುಮಾಲಿನ್ಯ ಕಾನೂನು ಬಂದದ್ದು 1970ರಲ್ಲಿ. ಆ ಹೊತ್ತಿಗಾಗಲೇ ರಾಜ್ಯ ಎರಡು ದಶಕಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು. ನಿಜವಾಗಿ ನಡೆದದ್ದು ಯಂತ್ರೀಕರಣ. ಹೆಚ್ಚಿನ ಕೂಲಿ, ವೈದ್ಯಕೀಯ ನೆರವು ಮತ್ತು ಪಿಂಚಣಿ ನಿಧಿಗೆ ಪ್ರತಿಯಾಗಿ ಗಣಿಯೊಳಗೆ ಯಂತ್ರಗಳು ಬರುವುದನ್ನು ಕಾರ್ಮಿಕ ನಾಯಕ ಜಾನ್ ಎಲ್. ಲೂಯಿಸ್ ಒಪ್ಪಿಕೊಂಡರು. ಕೆಲಸ ಉಳಿದವರಿಗೆ ಅದು ಒಳ್ಳೆಯ ಒಪ್ಪಂದವೇ. ಉಳಿಯದವರು ಏಕ್ರನ್, ಕ್ಲೀವ್‌ಲ್ಯಾಂಡ್, ಡೆಟ್ರಾಯ್ಟ್‌ಗಳ ಕಾರ್ಖಾನೆಗಳತ್ತ ನಡೆದರು.

ಎಪ್ಪತ್ತರ ದಶಕದಲ್ಲಿ ತೈಲದ ಬೆಲೆ ಏರಿ ಕಲ್ಲಿದ್ದಲಿಗೆ ಬೇಡಿಕೆ ಕುದುರಿದಾಗ ಜನಸಂಖ್ಯೆ 19.5 ಲಕ್ಷದವರೆಗೆ ಚೇತರಿಸಿಕೊಂಡು, ಮುಂದಿನ ದಶಕದಲ್ಲೇ ಮತ್ತೆ ಕುಸಿಯಿತು. ತೊಂಬತ್ತರ ದಶಕದ ಕೊನೆಯಲ್ಲಿ ಈ ರಾಜ್ಯ 1950ಕ್ಕಿಂತ ಹೆಚ್ಚು ಕಲ್ಲಿದ್ದಲನ್ನು ತೆಗೆಯುತ್ತಿತ್ತು. ಆದರೆ ಒಂದು ಕಾಲಕ್ಕೆ ಲಕ್ಷ ಮೀರಿದ್ದ ಗಣಿ ಕಾರ್ಮಿಕರ ಸಂಖ್ಯೆ ಇಪ್ಪತ್ತು ಸಾವಿರದ ಆಸುಪಾಸಿಗೆ ಬಂದಿತ್ತು. ಉದ್ಯಮ ಸೊರಗುವ ಮೊದಲೇ ಊರುಗಳು ಸೊರಗಿದ್ದವು.

ದಕ್ಷಿಣದ ಮೆಕ್‌ಡವೆಲ್ ಕೌಂಟಿಯ ಕಥೆ ಇನ್ನೂ ಕಠೋರ. 1950ರಲ್ಲಿ ಸುಮಾರು 99 ಸಾವಿರ ಜನರಿದ್ದ ಅಲ್ಲಿ 2020ರಲ್ಲಿ ಉಳಿದವರು 19 ಸಾವಿರ. 1961ರಲ್ಲಿ ಕೆನಡಿ ಸರ್ಕಾರ ಬಡವರಿಗೆ ಆಹಾರ ಚೀಟಿ ನೀಡುವ ಪ್ರಯೋಗವನ್ನು ಆರಂಭಿಸಿದಾಗ ಮೊದಲ ಚೀಟಿಗಳು ಸಂದದ್ದು ಈ ಕೌಂಟಿಯ ಕುಟುಂಬವೊಂದಕ್ಕೆ. ದೇಶದ ಉಕ್ಕಿನ ಕುಲುಮೆಗಳಿಗೆ ಕಲ್ಲಿದ್ದಲು ಒದಗಿಸಿದ ನೆಲವದು! 2016ರಲ್ಲಿ ಅಲ್ಲಿನ ವಾಲ್‌ಮಾರ್ಟ್ ಮಳಿಗೆಯೂ ಬಾಗಿಲು ಹಾಕಿತು.

ನೆಲದಿಂದ ಹೊರಹೋಗುವ ಸಂಪತ್ತಿನಲ್ಲಿ ಒಂದು ಪಾಲನ್ನು ನೆಲದ ಮಕ್ಕಳಿಗೆ ಉಳಿಸಬೇಕೆಂದು ಯೋಚಿಸಿದವರು ಇರಲಿಲ್ಲವೆಂದಲ್ಲ. ಗಣಿ ಉತ್ಪನ್ನದ ಮೇಲೆ ತೆರಿಗೆ ಹಾಕಿ ಶಾಲೆ, ರಸ್ತೆಗಳಿಗೆ ಹಣ ಹೊಂದಿಸಬೇಕೆಂದು 1953ರಲ್ಲಿ ಗವರ್ನರ್ ವಿಲಿಯಂ ಮಾರ್ಲೆಂಡ್ ಪ್ರಸ್ತಾಪಿಸಿದರು. ಶಾಸನಸಭೆ ತಿರಸ್ಕರಿಸಿತು. 1965ರಲ್ಲಿ ಪತ್ರಕರ್ತರ ಕಣ್ಣಿಗೆ ಬಿದ್ದಾಗ ಈ ಮಾಜಿ ಗವರ್ನರ್ ಷಿಕಾಗೊದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು.

ಜನ ಕಡಿಮೆಯಾದಂತೆ ರಾಜಕೀಯ ದನಿಯೂ ಕ್ಷೀಣಿಸಿತು. ಒಂದು ಕಾಲಕ್ಕೆ ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಆರು ಸ್ಥಾನಗಳಿದ್ದ ರಾಜ್ಯಕ್ಕೆ 2020ರ ಜನಗಣತಿಯ ನಂತರ ಉಳಿದದ್ದು ಎರಡು. ಲೋಕಸಭಾ ಸ್ಥಾನಗಳ ಹಂಚಿಕೆಯನ್ನು ನಾವು 1976ರಲ್ಲಿ 1971ರ ಜನಗಣತಿಗೆ ಕಟ್ಟಿಹಾಕಿದೆವು. ಅಲ್ಲಿ ಅಂಥ ದಾಕ್ಷಿಣ್ಯವಿಲ್ಲ, ಹತ್ತು ವರ್ಷಕ್ಕೊಮ್ಮೆ ಲೆಕ್ಕ ಚುಕ್ತಾ.

ವಾಷಿಂಗ್ಟನ್ ನಗರಕ್ಕೆ ಸಮೀಪದ ಬರ್ಕ್ಲಿ ಕೌಂಟಿ ಬೆಳೆಯುತ್ತಿರುವುದು ನಿಜ. 2000ದಲ್ಲಿ 76 ಸಾವಿರವಿದ್ದ ಜನ 2020ಕ್ಕೆ 1.22 ಲಕ್ಷವಾದರು. ಅದು ಮಹಾನಗರದ ಉಬ್ಬರವೇ ಹೊರತು ಗಣಿನಾಡಿನ ಪುನರುಜ್ಜೀವನವಲ್ಲ. 2021ರಲ್ಲಿ, ಮನೆಯಿಂದಲೇ ಕೆಲಸ ಮಾಡುವ ಹೊರಗಿನವರು ಬಂದು ನೆಲೆಸಿದರೆ 12 ಸಾವಿರ ಡಾಲರ್ ಕೊಡುವ ಯೋಜನೆಯೊಂದು ಆರಂಭವಾಯಿತು. ಬರುವವರು ಬರಲಿ, ಆಕ್ಷೇಪವಿಲ್ಲ. ಆದರೆ ಹುಟ್ಟಿಗಿಂತ ಸಾವು ಹೆಚ್ಚಿರುವ, ಮಾದಕ ವ್ಯಸನದ ಸಾವಿನ ಪ್ರಮಾಣದಲ್ಲಿ ವರ್ಷಗಟ್ಟಲೆ ದೇಶಕ್ಕೇ ಮೊದಲಿಗನಾಗಿದ್ದ ರಾಜ್ಯವಿದು. ಲ್ಯಾಪ್‌ಟಾಪ್ ಹಿಡಿದು ಬರುವವರಿಗಿಂತ ಮುಂಚೆ, ಮೆಕ್‌ಡವೆಲ್‌ನಂಥ ಕೌಂಟಿಗಳಲ್ಲಿ ಇನ್ನೂ ಇರುವವರ ಶಾಲೆಗೆ, ಆಸ್ಪತ್ರೆಗೆ, ಕುಡಿಯುವ ನೀರಿಗೆ ಆ ಹಣ ಮೊದಲು ಸಲ್ಲಬೇಕಿತ್ತು.