ಸೀಟು ಸಿಗತ್ತೋ ಇಲ್ಲೋ, ಚಾ ಕುಡ್ಯೂದ್ರಾಗ ಹೇಳಬ್ಯಾಡ್ರಿ

ನೀಟ್ ರಿಸಲ್ಟ್ ಬಂದ ವಾರ ಯಾರ ಮನಿಗೆ ಹೋದ್ರೂ ಚಾಕ್ಕಿಂತ ಮೊದ್ಲ ಪ್ರಶ್ನಿ ಬರತೈತಿ: "ಎಷ್ಟ್ ಬಿದ್ದಾವು?" ಹುಡುಗಿ ಮಾರ್ಕ್ಸ್ ಹೇಳೂದ ತಡ, ತೀರ್ಪು ರೆಡಿ. "ಅಷ್ಟಕ್ಕ ಗೌರ್ಮೆಂಟ್ ಸೀಟ್ ಎಲ್ಲಿ ಬರತೈತವ್ವಾ, ಬಿಎಸ್ಸಿಗೆ ಹಚ್ಚಿಬಿಡ್ರಿ" ಅಂತ ಒಬ್ಬಾಕಿ. "ನಮ್ಮ ಬೀಗರ ಮಗಂದು ಇದಕ್ಕಿಂತ ಕಡಿಮಿ ಇದ್ವು, ಅವಗ ಸಿಕ್ಕಿತ್ತು" ಅಂತ ಇನ್ನೊಬ್ಬಾಕಿ. ಇಬ್ಬರೂ ಪ್ರೀತಿಲೇ ಹೇಳ್ತಾರ. ಆದ್ರ ಸೀಟು ಹಂಚೂದು ಮಾರ್ಕ್ಸ್ ಮ್ಯಾಲ ಅಲ್ರಿ ಅಕ್ಕಾರ, ರ್ಯಾಂಕ್ ಮ್ಯಾಲ.

2024ರಾಗ 720ಕ್ಕ 720 ತಗೊಂಡವರು ಮೊದ್ಲ 67 ಮಂದಿ ಇದ್ರು. ದೇಶ ತುಂಬ ಗದ್ದಲ ಆಗಿ, ತಿದ್ದಿ ಲೆಕ್ಕ ಹಾಕಿದ ಮ್ಯಾಲೂ 17 ಮಂದಿ ಉಳದ್ರು. ಮುಂದಿನ ವರ್ಷ, 2025ರಾಗ, ಪೇಪರ್ ಎಷ್ಟ್ ಬಿರುಸು ಬಂತಂದ್ರ ಇಡೀ ದೇಶಕ್ಕ ಮೊದಲ ಬಂದ ಹುಡುಗಂದ 686. ಒಂದ ಮಾರ್ಕ್ಸು ಒಂದು ವರ್ಷ ಹಿಂದಿನ ಸಾಲಿನ್ಯಾಗ ಕೂಡಸತೈತಿ, ಮತ್ತೊಂದು ವರ್ಷ ಮುಂದಿನ ಸಾಲಿಗೆ ತರತೈತಿ. ಹೋದ ವರ್ಷದ ಭತ್ತದ ರೇಟ್ ಹಿಡಕೊಂಡು ಗಂಗಾವತ್ಯಾಗ ಯಾರರ ಈ ವರ್ಷ ಬಂಗಾರ ಕೊಳ್ಳಾಕ ಹೊಕ್ಕಾರೇನು? ಬೀಗರ ಮಗನ ಮಾರ್ಕ್ಸೂ ಹಂಗ.

ರ್ಯಾಂಕ್ ಗೊತ್ತಾದ್ರೂ ಮುಗೀಲಿಲ್ಲ. ಯಾವ ಕಾಲಂನ್ಯಾಗ ನೋಡಬೇಕು ಅನ್ನೂದು ಗೊತ್ತಿರಬೇಕು. ಕೊಪ್ಪಳದ ಮೆಡಿಕಲ್ ಕಾಲೇಜನ್ನ ತಗೊಳ್ರಿ. (ಕಿಮ್ಸ್ ಅಂತೀವಿ. ಹುಬ್ಬಳ್ಳಿದಕ್ಕೂ ಕಿಮ್ಸ್ ಅಂತಾರ, ಬೆಂಗಳೂರಾಗ ಒಂದು ಪ್ರೈವೇಟ್ ಕಿಮ್ಸೂ ಐತಿ. ಆಪ್ಷನ್ ಹಾಕೂಮುಂದ ಊರಿನ ಹೆಸರು ಎರಡು ಸಲ ಓದ್ರಿ.) ಇಲ್ಲಿ 150 ಸೀಟು. ಶೇ. 15 ಆಲ್ ಇಂಡಿಯಾ ಕೋಟಾಕ್ಕ ಹೊಕ್ಕಾವು. ಉಳದಿದ್ದು 127ರ ಆಸುಪಾಸು. ಅದರಾಗ ಶೇ. 70 ನಮ್ಮ 371-ಜೆ ಮಂದಿಗೆ, ಅಂದ್ರ ಸುಮಾರು 90. ಇಷ್ಟಕ್ಕ ಖುಷಿ ಪಡಬ್ಯಾಡ್ರಿ, ರೊಟ್ಟಿ ಮುರ್ಯೂದು ಈಗ ಶುರು. 2ಎಗೆ ಶೇ. 15 ಅಂದ್ರ ಹದಿಮೂರೋ ಹದಿನಾಕೋ. 3ಬಿಗೆ ಶೇ. 5 ಅಂದ್ರ ನಾಕೋ ಐದೋ. ಆ ಹದಿಮೂರರಾಗ ಹಳ್ಳ್ಯಾಗ ಓದಿದವರಿಗೆ ಶೇ. 15, ಅಂದ್ರ ಎರಡು. ಜಿಎಂ ಸೀಟಿಗೆ ಯಾವ ಜಾತಿಯವರಾದ್ರೂ ರ್ಯಾಂಕ್ ಮ್ಯಾಲ ಹೋಗಬಹುದು, ಅದನ್ನ ಮರೀಬ್ಯಾಡ್ರಿ.

ಬರೇ ನಾಕು ಸೀಟು ಇದ್ದಲ್ಲೆ ಮ್ಯಾಲಿನ ರ್ಯಾಂಕಿನ ಒಂದಿಬ್ರು ಬ್ಯಾರೆ ಕಡೆ ಹೋದ್ರ ಸಾಕು, ಕಟಾಫ್ ಸಾವಿರಗಟ್ಟಲೆ ಕೆಳಗ ಜಾರತೈತಿ. ಅದಕ್ಕ ಒಂದ ವರ್ಷದ ಕಟಾಫ್ ನೋಡಿ "ಆತು" ಇಲ್ಲಾ "ಹೋತು" ಅನಬಾರದು. ಮೂರು ವರ್ಷದ್ದು, ಎಲ್ಲಾ ರೌಂಡಿಂದು, ನಮ್ಮ ಕಾಲಂನ್ಯಾಗಿಂದು ನೋಡಬೇಕು. ಬಳ್ಳಾರಿ, ರಾಯಚೂರು, ಕಲಬುರಗಿ, ಬೀದರ, ಯಾದಗಿರಿ ಸರ್ಕಾರಿ ಕಾಲೇಜಿನಾಗೂ ನಮಗ ಇದ ಶೇ. 70 ಐತಿ.

ಕಾಲಂ ಸಿಗಬೇಕಂದ್ರ ಕಾಗದ ಬೇಕು. 371-ಜೆ ಪ್ರಮಾಣಪತ್ರಕ್ಕ ಎಸಿ ಸಾಹೇಬರ ಸಹಿ. ಹಳ್ಳಿ ಕೋಟಾಕ್ಕ 1ರಿಂದ 10ನೇತ್ತದ ತನಕ ಹತ್ತೂ ವರ್ಷ ಹಳ್ಳ್ಯಾಗ ಓದಿರಬೇಕು, ಹೆಡ್ಮಾಸ್ತರು ಬರಕೊಡಬೇಕು, ಬಿಇಓ ಸಹಿ ಆಗಬೇಕು. ನಮ್ಮ ನಾದ್ನಿ ಮಗಳು ಏಳನೇತ್ತದ ತನಕ ಕುಷ್ಟಗಿ ಕಡೀ ಹಳ್ಳ್ಯಾಗ ಓದಿ ಎಂಟಕ್ಕ ಗಂಗಾವತಿಗೆ ಬಂದಾಳ. ಆಕಿಗೆ ಆ ಕೋಟಾ ಇಲ್ಲ. ಆಕಿನ್ನ ಹಳ್ಳಿ ಕಾಲಂನ್ಯಾಗ ಇಟ್ಟು ಅಂದಾಜು ಹಾಕಿದ್ರ ಮನಿ ಮಂದೀನ್ನೆಲ್ಲಾ ಮೋಸ ಮಾಡಿದಂಗ.

ಈಗ ನನ್ನ ಸಿಟ್ಟಿನ ಮಾತು. 371-ಜೆಯೊಳಗ ಹೊರಗಿನ ಕಾಲೇಜಿನಾಗೂ ನಮಗ ಶೇ. 8 ಐತಿ. ಬೆಂಗಳೂರು ಮೆಡಿಕಲ್ ಕಾಲೇಜಿನ 250 ಸೀಟಿನಾಗ ಆಲ್ ಇಂಡಿಯಾದ್ದು ತಗದ್ರ ಹದಿನೇಳರ ಆಸುಪಾಸು ಸೀಟು ನಮ್ಮ ಭಾಗದ ಮಕ್ಕಳಿಗೆ. ಮೈಸೂರಾಗೂ ಐತಿ, ಹುಬ್ಬಳ್ಳ್ಯಾಗೂ ಐತಿ. ಮಗ ಇದ್ರ ಈ ಹೆಸರು ಆಪ್ಷನ್ ಪಟ್ಟ್ಯಾಗ ಮ್ಯಾಲ ಕುಂದರತಾವು. ಮಗಳಿದ್ರ "ದೂರ ಆತು, ಕೊಪ್ಪಳ ಸಿಕ್ಕರ ನೋಡೂಣು" ಅಂತೀವಿ. ಕೊಪ್ಪಳ, ರಾಯಚೂರು, ಬಳ್ಳಾರಿ, ಮುಗೀತು. ಹಿಂಗ ಪಟ್ಟಿ ಸಣ್ಣದ ಮಾಡಿ, ಕಡೀಕ "ಆಕಿ ಹಣಿಬರದಾಗ ಇರಲಿಲ್ಲ" ಅಂದ್ರ ಹೆಂಗ? ಆ ಹಣಿಬರ ನಮ್ಮ ಪಡಸಾಲ್ಯಾಗ ಕುಂತು ನಾವ ಬರದದ್ದು. ಪಿಯುಸಿಗೆ ಎರಡು ವರ್ಷ ಹಾಸ್ಟೆಲ್ಲಿನಾಗ ಇದ್ದ ಹುಡುಗಿ ಬೆಂಗಳೂರಾಗ ಇರಂಗಿಲ್ಲೇನು?

ಇನ್ನೊಂದು ಅಂಜಿಕಿ, "ಬೆಂಗಳೂರು ಮ್ಯಾಲ ಹಾಕಿದ್ರ ಕೊಪ್ಪಳ ತಪ್ಪತೈತಿ" ಅಂತ. ತಪ್ಪಂಗಿಲ್ಲ. ಕೆಇಎ ಕಂಪ್ಯೂಟರ್ ರ್ಯಾಂಕ್ ಪ್ರಕಾರ ಒಬ್ಬೊಬ್ಬರನ್ನ ಕರಿತೈತಿ. ನಮ್ಮ ಪಾಳಿ ಬಂದಾಗ ಒಂದನೇ ಆಪ್ಷನ್ ನೋಡತೈತಿ, ಅಲ್ಲಿ ಖಾಲಿ ಇಲ್ಲಂದ್ರ ಎರಡನೇದು, ಆಮ್ಯಾಲ ಮೂರನೇದು. ಕೊಪ್ಪಳ ಹತ್ತನೇದಾಗಿದ್ರೂ ನಮ್ಮ ರ್ಯಾಂಕಿಗೆ ಅಲ್ಲಿ ಸೀಟಿದ್ರ ಸಿಕ್ಕ ಸಿಗತೈತಿ. ಅದಕ್ಕ ಹುಡುಗಿಗೆ ಎಲ್ಲಿ ಹೆಚ್ಚು ಬೇಕೋ ಅದನ್ನ ಮ್ಯಾಲ ಬರೀರಿ, ಸಿಗೂ ಚಾನ್ಸ್ ನೋಡಿ ಅನುಕ್ರಮ ಮಾಡಬ್ಯಾಡ್ರಿ. ಎಷ್ಟು ದೊಡ್ಡ ಪಟ್ಟಿ ಆದ್ರೂ ಆಗ್ಲಿ. ಬರೇ ನೋಡಾಕಂತ ಅಣಕು ಹಂಚಿಕಿ ಬಿಡ್ತಾರ, ಅದನ್ನ ನೋಡಿ ತಿದ್ದಾಕ ಬರತೈತಿ.

ಸೀಟ್ ಸಿಕ್ಕ ಮ್ಯಾಲ ನಾಕು ಚಾಯ್ಸ್ ಕೇಳ್ತಾರ. ಒಂದನೇದು ತಗೊಂಡೆ ಅಂತ, ಎರಡನೇದು ಇದನ್ನ ಹಿಡಕೊಂಡು ಇದಕ್ಕಿಂತ ಛಲೋದನ್ನ ನೋಡ್ತೀನಿ ಅಂತ. ಮೂರನೇದ್ರಾಗ ಕೈಯಾಗಿಂದ ಬಿಟ್ಟು ಮುಂದಿನ ರೌಂಡ್ ಕಾಯ್ಬೇಕು. ನಾಕನೇದು ಪೂರಾ ಹೊರಗ. ಎರಡು ಒತ್ತೂದ್ರಾಗ ಮೂರು ಒತ್ತಿದ್ರ ಬಂದ ಸೀಟ್ ಹೋತು. ಓಣ್ಯಾಗಿನ ನೆಟ್ ಅಂಗಡಿ ಹುಡುಗನ ಕೈಯಾಗ ಪಾಸ್‌ವರ್ಡ್ ಕೊಟ್ಟು "ನೀನ ಒತ್ತಪಾ" ಅನಬ್ಯಾಡ್ರಿ.

"ಸೀಟ್ ಗ್ಯಾರಂಟಿ" ಅಂತ ಫೋನ್ ಬಂದ್ರ ಕಟ್ ಮಾಡ್ರಿ. ಕೆಇಎ ಪಟ್ಟಿ ಪುಕ್ಕಟಿ ಐತಿ, ಬರೇ ಓದಾಕ ಕುಂದರಬೇಕು. ತಿಳೀಲಿಲ್ಲಂದ್ರ ಹುಡುಗೀನ್ನ ಕರಕೊಂಡು ಸಂಜಿಮುಂದ ನಮ್ಮ ಮನಿಗೆ ಬರ್ರಿ. ರ್ಯಾಂಕ್ ಕಾರ್ಡು, ಕನ್ನಡಕ ಎರಡೂ ತರ್ರಿ, ಆ ಪಟ್ಟಿ ಅಕ್ಷರ ಭಾಳ ಸಣ್ಣಾವದಾವ.